‘ಗಟ್ಟಿಗಿತ್ತಿ’ ಅಂದದ್ದೇ ತಪ್ಪಾಯಿತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನಮ್ಮ ಮಾತುಕತೆ ನಡೆದದ್ದು ಇಂಗ್ಲಿಷಿನಲ್ಲಿ.)

ಅಮೆರಿಕದ ಅಟ್ಲಾಂಟಾದಲ್ಲಿ ನನ್ನ ಆಪ್ತಸಲಹೆಯ ಕೋಣೆ ಇದೆ. ಬಸುರಿಯರು, ಬಾಣಂತಿಯರು ಜಾಸ್ತಿ ಬರುತ್ತಾರೆ. ಈ ಸಲ ಬಂದವರು 34 ವರ್ಷದ ಶಾಲಾ ಶಿಕ್ಷಕಿ, ಕಪ್ಪು ಸಮುದಾಯದವರು. ಎರಡನೇ ಬಸಿರು, 26ನೇ ವಾರ. ಕೇಳಲಿಕ್ಕೆ ಸಣ್ಣ ಸಮಸ್ಯೆ: “ಅಮ್ಮ ದೊಡ್ಡದಾಗಿ ಬೇಬಿ ಶವರ್ ಮಾಡ್ತೀನಿ ಅಂತಿದ್ದಾರೆ. ನನಗೆ ಬೇಡ. ಹೇಗೆ ಹೇಳಲಿ?”

ಬೇಬಿ ಶವರ್ ಅಂದರೆ ಹೆಚ್ಚುಕಡಿಮೆ ನಮ್ಮ ಸೀಮಂತ. ಹಸಿರು ಬಳೆ ಇಲ್ಲ, ಕೇಕ್ ಇದೆ.

ಯಾಕೆ ಬೇಡ ಅಂತ ಕೇಳಿದಾಗ ಮೊದಲ ಹೆರಿಗೆಯ ವಿಷಯ ಹೊರಬಂತು. ಹೆರಿಗೆ ಸಲೀಸಾಗಿ ಆಗಿತ್ತು. ಐದನೇ ದಿನ ತಲೆ ಸಿಡಿಯುವ ನೋವು, ಕಣ್ಣ ಮುಂದೆ ಚುಕ್ಕಿ. ಫೋನ್ ಮಾಡಿದರೆ “ನಿದ್ದೆ ಸಾಲದು, ಮಾತ್ರೆ ತಗೊಳ್ಳಿ”. ಆಸ್ಪತ್ರೆಗೆ ಹೋದರೆ ಮೂರು ಗಂಟೆ ಕಾಯಿಸಿದರು. ಕೊನೆಗೆ ಯಾರೋ ಬಿಪಿ ನೋಡಿದರು: 178/112. ಹೆರಿಗೆ ಆದಮೇಲೆ ಬರುವ ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸುರಿ-ಬಾಣಂತಿಯರಲ್ಲಿ ಬಿಪಿ ಅಪಾಯದ ಮಟ್ಟಕ್ಕೆ ಏರುವ ಕಾಯಿಲೆ. ಇನ್ನೂ ತಡವಾಗಿದ್ದರೆ ಫಿಟ್ಸ್ ಬರಬಹುದಿತ್ತು, ಪಾರ್ಶ್ವವಾಯು ಹೊಡೆಯಬಹುದಿತ್ತು.

ಕೇಳಿ ಮುಗಿಸಿ ನಾನೊಂದು ಎಡವಟ್ಟು ಮಾಡಿದೆ. “ನೀವು ನಿಜಕ್ಕೂ ಗಟ್ಟಿಗಿತ್ತಿ” ಅನ್ನುವಂಥ ಮಾತು ಬಾಯಿಗೆ ಬಂತು. ಅವರು ಕೈಯಲ್ಲಿದ್ದ ಟಿಶ್ಯೂ ಮಡಿಸಿದರು, ಮತ್ತೆ ಮಡಿಸಿದರು, ಕಡಲೆಕಾಳಿನಷ್ಟು ಆಗುವ ತನಕ. ಆಮೇಲೆ ಹೇಳಿದರು: “ಅವತ್ತು ಕಾಯಿಸಿದವರೂ ಇದನ್ನೇ ಅಂದ್ರು. ಗಟ್ಟಿ ಇದ್ದೀರಿ, ತಡ್ಕೋತೀರಿ ಅಂತ.”

ಕ್ಷಮೆ ಕೇಳಿದೆ. ಇಲ್ಲಿ ಹೊಗಳಿಕೆಗೂ ಹಳೆಯ ಕಥೆ ಇದೆ. 1840ರ ದಶಕದಲ್ಲಿ ಅಲಬಾಮಾದ ಮಾಂಟ್ಗೊಮರಿಯಲ್ಲಿ ಜೇಮ್ಸ್ ಮರಿಯನ್ ಸಿಮ್ಸ್ ಎಂಬ ವೈದ್ಯ ಅನಾರ್ಕಾ, ಲೂಸಿ, ಬೆಟ್ಸಿ ಎಂಬ ಗುಲಾಮ ಹೆಣ್ಣುಮಕ್ಕಳ ಮೇಲೆ ಅರಿವಳಿಕೆ ಇಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಅವನ ಪ್ರತಿಮೆ ತೆಗೆಸಲು 2018 ಬರಬೇಕಾಯಿತು. ಕಪ್ಪು ಜನರ ಚರ್ಮ ದಪ್ಪ, ನೋವು ಅಷ್ಟಾಗಿ ತಾಗಲ್ಲ ಎನ್ನುವಂಥ ನಂಬಿಕೆ 2016ರ ಒಂದು ಅಧ್ಯಯನದಲ್ಲಿ ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳಲ್ಲೂ ಕಂಡಿತ್ತು. ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಅಂಥವರೇ 2017ರಲ್ಲಿ ಮಗಳು ಹುಟ್ಟಿದ ಮರುದಿನ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆ, ಸ್ಕ್ಯಾನ್ ಮಾಡಿ ಎಂದು ಹಟ ಹಿಡಿಯಬೇಕಾಯಿತು.

2023ರಲ್ಲಿ ಈ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸತ್ತ ಕಪ್ಪು ತಾಯಂದಿರು 50.3, ಬಿಳಿ ತಾಯಂದಿರು 14.5. ಓದಿದವರಿಗೆ ಹೀಗಾಗಲ್ಲ ಅನ್ನುವಂತೆಯೂ ಇಲ್ಲ. ಕಾಲೇಜು ಮುಗಿಸಿದ ಕಪ್ಪು ಮಹಿಳೆಯರಲ್ಲಿ ಬಸಿರಿಗೆ ಸಂಬಂಧಿಸಿದ ಸಾವು ಹೈಸ್ಕೂಲನ್ನೂ ಮುಗಿಸದ ಬಿಳಿ ಮಹಿಳೆಯರಿಗಿಂತ ಜಾಸ್ತಿ. ಈ ಅಂಕಿಗಳು ನಮ್ಮ ಟೀಚರಿಗೆ ಬಾಯಿಪಾಠ. ಏಪ್ರಿಲ್ 11ರಿಂದ 17ರವರೆಗೆ ಕಪ್ಪು ತಾಯಂದಿರ ಆರೋಗ್ಯ ಸಪ್ತಾಹ ನಡೆಯುತ್ತದಲ್ಲ, ಆಗ ಶಾಲೆಯ ಸ್ಟಾಫ್ ರೂಮಿನಲ್ಲಿ ಪೋಸ್ಟರ್ ಹಚ್ಚಿದ್ದರಂತೆ. “ಸಹೋದ್ಯೋಗಿ ನನ್ನ ಹೊಟ್ಟೆ ನೋಡಿದಳು, ಪೋಸ್ಟರ್ ನೋಡಿದಳು, ಅಯ್ಯೋ ಪಾಪ ಅನ್ನೋ ಮುಖ ಮಾಡಿದಳು. ನಾನು ಬಸುರಿ. ಅವಳಿಗೆ ಕಂಡಿದ್ದು ಆ ಅಂಕಿ ಮಾತ್ರ.”

ಶವರ್ ಬೇಡ ಅನ್ನುವುದರ ಹಿಂದೆ ಇದ್ದದ್ದು ಇದು. ಸಂಭ್ರಮ ಪಟ್ಟರೆ ಎಲ್ಲರೂ ಮೈಮರೆಯುತ್ತಾರೆ, ಆಗ ಏನೋ ಆಗುತ್ತದೆ ಅನ್ನುವ ಭಯ. ನಮ್ಮೂರಲ್ಲಾಗಿದ್ದರೆ ದೃಷ್ಟಿ ಆಗುತ್ತೆ ಅನ್ನುತ್ತಿದ್ದೆವು.

ಇದಕ್ಕೆ ನಾನು ಕೊಟ್ಟ ಸಲಹೆ. ಶವರ್ ಬೇಡ ಅನ್ನಬೇಡಿ, ಬರುವವರಿಗೆ ಕೆಲಸ ಹಚ್ಚಿ. ಫ್ರಾಕು, ಟೆಡ್ಡಿ ಬದಲು ಒಬ್ಬರು ಬಿಪಿ ಯಂತ್ರ ತರಲಿ. ಹೆರಿಗೆಯ ನಂತರದ ಮೊದಲ ಹತ್ತು ರಾತ್ರಿ ಯಾರು ಜೊತೆಗಿರುತ್ತಾರೆ ಅಂತ ಅಲ್ಲೇ ಚೀಟಿ ಬರೆಸಿ. ಡೌಲಾ, ಅಂದರೆ ಹೆರಿಗೆಗೆ ಜೊತೆ ನಿಲ್ಲುವಾಕೆ, ಆಕೆಯ ಖರ್ಚನ್ನು ಹಂಚಿಕೊಳ್ಳಲು ಕೇಳಿ. ಔಷಧದ ವಿಷಯ ಡಾಕ್ಟರದ್ದು. ಹಿಂದಿನ ಪ್ರಿಎಕ್ಲಾಂಪ್ಸಿಯಾ ಮೊದಲ ಭೇಟಿಯಲ್ಲೇ ದಾಖಲಾಗಿ, ಆಸ್ಪಿರಿನ್ ಶುರುವಾಗಿತ್ತು. ಅದು ಸಮಾಧಾನ.

ಜಾಸ್ತಿ ಹೊತ್ತು ಹಿಡಿದದ್ದು ಒಂದೇ ಮಾತಿನ ಅಭ್ಯಾಸ. ನಾಟಕದ ಹಾಗೆ ನಾನು ಆಸ್ಪತ್ರೆಯವಳಾದೆ, ಅವರು ಅವರೇ. ಮೊದಲ ಸಲ “ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ” ಎಂದು ಶುರು ಮಾಡಿದರು. ಅದನ್ನು ತೆಗೆಸಿದೆ. ನಾಲ್ಕನೇ ಸಲಕ್ಕೆ ಹೀಗೆ ಬಂತು: “ನನಗೆ ಹೆರಿಗೆಯಾಗಿ ಐದು ದಿನ. ಬಿಪಿ 160/110 ದಾಟಿದೆ. ಹಿಂದೆ ಪ್ರಿಎಕ್ಲಾಂಪ್ಸಿಯಾ ಆಗಿತ್ತು. ಈಗಲೇ ನೋಡಿ. ನೋಡಲ್ಲ ಅಂದರೆ ಕಾರಣ ಫೈಲಿನಲ್ಲಿ ಬರೆಯಿರಿ.” ಗಂಡನೂ ಇದನ್ನೇ ಕಲಿಯಬೇಕು, ಯಾಕೆಂದರೆ ಆ ಹೊತ್ತಿಗೆ ಇವರಿಗೆ ಮಾತಾಡಲಿಕ್ಕೆ ಆಗದೆಯೂ ಇರಬಹುದು. ರೋಗಿಯೇ ಹೀಗೆ ಗಿಳಿಪಾಠ ಒಪ್ಪಿಸಬೇಕಾದದ್ದು ಅನ್ಯಾಯ, ಅದನ್ನೂ ಅವರಿಗೆ ಹೇಳಿದೆ. ತಿದ್ದಿಕೊಳ್ಳಬೇಕಾದದ್ದು ಆಸ್ಪತ್ರೆ.

ಕನ್ನಡದ ಮನೆಗಳಿಗೂ ಒಂದು ಮಾತು. ಬಾಣಂತಿಗೆ ತಲೆನೋವು ಅಂದರೆ ‘ಗಾಳಿ ಹೊಕ್ಕಿದೆ’ ಎಂದು ಕಿವಿಗೆ ಹತ್ತಿ ಇಟ್ಟು ಬಟ್ಟೆ ಕಟ್ಟುತ್ತೇವಲ್ವಾ? ಕಟ್ಟಿ, ಬೇಡ ಅನ್ನಲ್ಲ. ಆದರೆ ಅದಕ್ಕೂ ಮೊದಲು ಬಿಪಿ ನೋಡಿಸಿ. ಹೆರಿಗೆಯಾಗಿ ಆರು ವಾರದವರೆಗೂ ಪ್ರಿಎಕ್ಲಾಂಪ್ಸಿಯಾ ಬರಬಹುದು.

ಶವರ್ ಆದ ವಾರ ಅವರು ಮತ್ತೆ ಬಂದರು. ಬಿಪಿ ಯಂತ್ರ ಉಡುಗೊರೆಯಾಗಿ ಬಂದಿತ್ತಂತೆ. ಆಟದ ಹಾಗೆ ಬಂದವರೆಲ್ಲ ತೋಳು ಕೊಟ್ಟರಂತೆ, ಕೇಕ್ ತಟ್ಟೆ ಕೈಯಲ್ಲಿ ಹಿಡಿದೇ. ಅಮ್ಮ ಮಾತ್ರ ಅಡುಗೆಮನೆಯಿಂದ ಬರಲೇ ಇಲ್ಲ. “ನನಗೇನಾಗಿದೆ, ನಾಲ್ಕು ಮಕ್ಕಳನ್ನ ಒಬ್ಬಳೇ ಸಾಕಿದೋಳು” ಅಂದರಂತೆ. ಮಗಳೇ ಕೈ ಹಿಡಿದು ಕೂರಿಸಿ ಪಟ್ಟಿ ಸುತ್ತಿದಳು. 168/98.

“ಸೋಮವಾರ ಅಮ್ಮನನ್ನ ಡಾಕ್ಟರ ಹತ್ರ ಕರ್ಕೊಂಡು ಹೋದೆ” ಎಂದರು. “ಕೌಂಟರಲ್ಲಿ ನಾನೇ ಮಾತಾಡಿದೆ. ಕ್ಷಮಿಸಿ ಅನ್ನಲಿಲ್ಲ.”