ಕೋಳಿ ಅಂತಿದ್ದರೆ ಕೋರಿ ಅಂತ ಓದುವ ಮಕ್ಕಳು

ಚಿಕ್ಕಮಗಳೂರು ಯಾವ ರಾಜ್ಯದ ಗಡಿಗೂ ತಾಗುವುದಿಲ್ಲ, ಮತ್ತೆ ನಿಮ್ಮದು ಹೇಗೆ ಗಡಿ ಶಾಲೆ ಅಂತ ಕೇಳಿದ್ದೀರಿ. ನಮ್ಮದು ಭಾಷೆಯ ಗಡಿ, ಮ್ಯಾಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ನಾವಿರುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಚಾರ್ಮಾಡಿ ಘಾಟಿಯ ನೆತ್ತಿಯ ಹತ್ತಿರ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಸ್ಸು ಹತ್ತಿ ಘಾಟಿ ಇಳಿದರೆ ತುಳು ಶುರು. ಆ ತುಳು ಎಂದೋ ಘಾಟಿ ಹತ್ತಿ ಕಾಫಿ ತೋಟದ ಲೈನ್ ಮನೆಗಳಿಗೂ, ಅಂದರೆ ಕೂಲಿಯವರ ಸಾಲು ಮನೆಗಳಿಗೂ, ಬಂದಿದೆ. ಜೊತೆಗೆ ಬ್ಯಾರಿ, ತಮಿಳು, ಈಗೀಗ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರ ಮಾತು. ಒಂದನೇ ತರಗತಿಯ 13 ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವರು ಐದೋ ಆರೋ.

ಇಂಥ ಕಡೆ ಓದಿಗೆ ಇಡೀ ಶಾಲೆಯ ಗುರಿ ಅಂತ ಏನು ಇಟ್ಟುಕೊಳ್ಳುತ್ತೀರಿ ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ. ಮೊದಲ ವರ್ಷ ಚಾರ್ಟ್ ಮೇಲೆ 'ಶೇ. 100ರಷ್ಟು ಮಕ್ಕಳು ನಿರರ್ಗಳವಾಗಿ ಓದುವರು' ಅಂತ ದುಂಡಗೆ ಬರೆದು ಆಫೀಸ್ ರೂಮಿನಲ್ಲಿ ಅಂಟಿಸಿದ್ದೆವು. ಜುಲೈ ಮಳೆಗೆ ಗೋಡೆ ಒಸರಿ ಚಾರ್ಟ್ ಕಿತ್ತು ಬಿತ್ತು. ಬಿದ್ದಿದೆ ಅಂತ ನಮಗೆ ಗೊತ್ತಾಗಿದ್ದು ದಸರಾ ರಜೆ ಮುಗಿದ ಮೇಲೆ.

ದೇಶಕ್ಕೂ ಒಂದು ಗುರಿ ಇದೆ. 2021ರ ಜುಲೈನಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯದು. 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥ ಮಾಡಿಕೊಂಡು ಓದಲು ಬರಬೇಕು. ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ ಅಂತ ಅದರಲ್ಲಿತ್ತು. ಪದ ಎಣಿಸುವ ಈ ಲೆಕ್ಕದಲ್ಲಿ ಕನ್ನಡಕ್ಕೆ ಸ್ವಲ್ಪ ಮೋಸವಾಗುತ್ತದೆ ಅಂತ ನನಗನ್ನಿಸುತ್ತದೆ. ಹಿಂದಿಯ 'ಪಢ್ ರಹಾ ಹೂಂ' ಮೂರು ಪದ. ನಮ್ಮ 'ಓದುತ್ತಿದ್ದೇನೆ' ಒಂದೇ ಪದ, ಅದರೊಳಗೆ ಎರಡು ಒತ್ತಕ್ಷರ ಬೇರೆ! 2022ರಲ್ಲಿ ದೇಶದ ಶಾಲಾ ಪಠ್ಯ ರೂಪಿಸುವ ಎನ್‌ಸಿಇಆರ್‌ಟಿಯವರು 20 ಭಾಷೆಗಳಲ್ಲಿ ಮಕ್ಕಳನ್ನು ಓದಿಸಿ ನೋಡಿ, ಭಾಷೆಗೊಂದು ಅಳತೆ ಮಾಡಿದ್ದು ಒಳ್ಳೆಯದಾಯಿತು.

ಈಗ ನಮ್ಮ ಗುರಿ ಇರುವುದು ಬೀರು ಬಾಗಿಲಿನ ಒಳಗಡೆ, ಒಂದೇ ಹಾಳೆಯಲ್ಲಿ. ಹಾಜರಿ ಪುಸ್ತಕ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಶೇಕಡಾ ಲೆಕ್ಕ ಇಲ್ಲ, ಮಕ್ಕಳ ಹೆಸರಿದೆ. ಹೆಸರಿನ ಮುಂದೆ ಮಗು ಎಲ್ಲಿದೆ, ಮುಂದಿನ ಸಲಕ್ಕೆ ಎಲ್ಲಿಗೆ ಬರಬೇಕು ಅಂತ: ಅಕ್ಷರ, ಕಾಗುಣಿತ, ಒತ್ತಕ್ಷರ, ವಾಕ್ಯ, ಕಥೆ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ನಲಿ-ಕಲಿಯ ಏಣಿ ಇದೆಯಲ್ಲ ಅಂತೀರಾ? ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಆ ಕ್ರಮ ನನಗೆ ಇಷ್ಟವೇ. ಅ ಆ ಇ ಬಿಟ್ಟು ರ ಗ ಸ ದ ಕಲಿಸಿದರೆ ನಾಲ್ಕೇ ಅಕ್ಷರಕ್ಕೆ ಮಗು 'ಸರ', 'ಗರಗಸ' ಓದಿಬಿಡುತ್ತದೆ. ಆದರೆ ಏಣಿ ಮೂರನೇ ತರಗತಿಗೆ ಮುಗಿಯುತ್ತದೆ. ಐದನೇ ತರಗತಿಯಲ್ಲಿ ಕೂತು ಕಾಗುಣಿತಕ್ಕೆ ತಡವರಿಸುವ ಹುಡುಗ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ನಮ್ಮ ಹಾಳೆಯಲ್ಲಿ ಅವನೂ ಇದ್ದಾನೆ.

ತಿಂಗಳಿಗೊಂದು ಶನಿವಾರ ಎಲ್ಲ ಮಕ್ಕಳನ್ನೂ ಓದಿಸುತ್ತೇವೆ. ಟೀಚರುಗಳು ತಮ್ಮ ತರಗತಿಯ ಮಕ್ಕಳನ್ನು ತಾವೇ ಓದಿಸುವ ಹಾಗಿಲ್ಲ. ಇದು ಅನುಮಾನಕ್ಕೆ ಮಾಡಿದ್ದಲ್ಲ. ನನ್ನ ಮಕ್ಕಳು ಓದುವಾಗ ನನಗೇ ಗೊತ್ತಿಲ್ಲದೆ ತುಟಿ ಆಡುತ್ತದೆ. ಅವರು ಪುಸ್ತಕ ಬಿಟ್ಟು ನನ್ನ ಬಾಯಿ ನೋಡುತ್ತಾರೆ! ಪಠ್ಯಪುಸ್ತಕವೂ ಬೇಡ. ಅದು ಬಾಯಿಪಾಠವಾಗಿರುತ್ತದೆ, ಬೆರಳು ಒಂದು ಸಾಲಿನಲ್ಲಿದ್ದರೆ ಬಾಯಿ ಇನ್ನೊಂದರಲ್ಲಿ.

ಒಮ್ಮೆ ಎರಡನೇ ತರಗತಿಯ ಹುಡುಗಿ 'ಅಜ್ಜಿಯ ಕೋಳಿ ಓಡಿತು' ಅಂತಿದ್ದದ್ದನ್ನು 'ಅಜ್ಜಿಯ ಕೋರಿ ಓಡಿತು' ಅಂತ ಓದಿದಳು. ಚಿತ್ರ ಇರಲಿಲ್ಲ. ತುಳುವಿನಲ್ಲಿ ಕೋಳಿಗೆ ಕೋರಿ. ಓದಿಸುತ್ತಿದ್ದ ಟೀಚರ್ ತಪ್ಪು ಹಾಕಿದರು. ಅರ್ಥ ಆಗದೆ ಕೋರಿ ಅನ್ನಲು ಆಗುತ್ತದಾ ಅಂತ ನಾನು. ಅಕ್ಷರ ಪೂರ್ತಿ ನೋಡಿಲ್ಲ, ಊಹೆ ಮಾಡಿದ್ದಾಳೆ ಅಂತ ಅವರು. ಅರ್ಧ ಗಂಟೆ ವಾದ, ಟೀ ಆರಿತು. ಕೊನೆಗೆ 'ಬಳೆ', 'ಬರೆ' ಬರೆದು ಕೊಟ್ಟೆವು. ಎರಡನ್ನೂ ಸರಿಯಾಗಿ ಓದಿದಳು. ತಪ್ಪು ಹೊಡೆದುಹಾಕಿ, ಪಕ್ಕದಲ್ಲಿ 'ತುಳು' ಅಂತ ಬರೆದೆವು.

ಎಲ್ಲ ತರಗತಿಯವರ ಹೆಸರು ಒಂದೇ ಹಾಳೆಗೆ ಬಂದಾಗಲೇ ಇನ್ನೊಂದು ಕಂಡಿದ್ದು. ಎರಡರಿಂದ ಐದರವರೆಗೆ ನಿಂತವರೆಲ್ಲ ಒತ್ತಕ್ಷರದಲ್ಲೇ ನಿಂತಿದ್ದರು. ಮೂರರಲ್ಲಿ ಆಗುತ್ತದೆ ಅಂತ ಎರಡನೇ ತರಗತಿಯ ಟೀಚರ್, ಎರಡರಲ್ಲಿ ಆಗಿರುತ್ತದೆ ಅಂತ ಮೂರನೆಯ ಟೀಚರ್. ನಾನೂ ಅದರಲ್ಲೊಬ್ಬಳು. ಈಗ ಬೆಳಗಿನ ಮೊದಲ ಅರ್ಧ ಗಂಟೆ ತರಗತಿ ಲೆಕ್ಕವಿಲ್ಲ, ಓದು ಎಲ್ಲಿದೆಯೋ ಆ ಗುಂಪು. ದೊಡ್ಡ ಮಕ್ಕಳಿಗೆ ಚಿಕ್ಕವರ ಜೊತೆ ಕೂರಲು ನಾಚಿಕೆ. ಅವರನ್ನು ಹಿಂದಿನ ಜಗುಲಿಯಲ್ಲಿ ಕೂರಿಸುತ್ತೇವೆ, ಅಷ್ಟೇ.

ದಿನಾಂಕ ಮಾತ್ರ ನಮ್ಮ ಮಲೆನಾಡಿಗೆ ತಕ್ಕಂತೆ. ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ ಜಾಸ್ತಿ, ಆಗ ಹೊಸ ಗುರಿ ಇಡುವುದಿಲ್ಲ. ದೊಡ್ಡ ಪರಿಶೀಲನೆ ನವೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಕಾಫಿ ಕುಯ್ಲು ಜೋರಾದರೆ ಎಷ್ಟೋ ಮಕ್ಕಳು ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ಲೈನ್‌ನಲ್ಲೇ ಉಳಿಯುತ್ತಾರೆ. ಕುಯ್ಲು ಮುಗಿದರೆ ಕೆಲವು ಮನೆಯವರು ತೋಟವನ್ನೇ ಬದಲಿಸುತ್ತಾರೆ.

ಹಾಗೆ ಹೋಗುವ ಮಗುವಿನ ಬ್ಯಾಗಿಗೆ ಒಂದು ಚೀಟಿ ಹಾಕುತ್ತೇವೆ, ಓದು ಎಲ್ಲಿಗೆ ಬಂದಿದೆ ಅಂತ. ಹೋದ ವರ್ಷ ಬೇಲೂರು ಕಡೆಯ ಮೇಷ್ಟ್ರೊಬ್ಬರು ಚೀಟಿ ನೋಡಿ ಫೋನ್ ಮಾಡಿದ್ದರು. "ಒತ್ತಕ್ಷರಕ್ಕೆ ನಿಲ್ಲುತ್ತಾನೆ ಅಂತ ಬರೆದಿದ್ದೀರಲ್ಲ ಮೇಡಂ, ಯಾವ ಒತ್ತಿಗೆ?" ಬೀರು ಬಾಗಿಲು ತೆಗೆದು ನೋಡಿ, "ಅರ್ಕಾವತ್ತಿಗೆ ಸಾರ್, ಬೇರೆಲ್ಲ ಓದುತ್ತಾನೆ" ಅಂದೆ.