ಬಾತ್‌ರೂಮ್ ಕಿಟಕಿಗೆ ಬಟ್ಟೆ ಪರದೆ, ಬ್ಲೈಂಡ್ಸ್, ಫಿಲ್ಮ್: ಪುಣೆಯ ಫ್ಲ್ಯಾಟಿಗೆ ಯಾವುದು ಒಳ್ಳೇದು?

ಎದುರಿನ ಬಿಲ್ಡಿಂಗಿನವರ ಅಡುಗೆಮನೆ ಕಿಟಕಿ ನಿಮ್ಮ ಬಾತ್‌ರೂಮಿಗೆ ನೇರ ಎದುರು, ಲೂವರ್ (ಓರೆಯಾಗಿ ಜೋಡಿಸಿದ ಗಾಜಿನ ಪಟ್ಟಿಗಳು) ಸಂದಿಯಿಂದ ಚಳಿಗಾಳಿ ಬೇರೆ, ಒಳಗೆ ಗ್ಯಾಸ್ ಗೀಸರ್ ಅಂತ ಬರೆದಿದ್ದೀರಿ. ಸಿಂಹಗಡ ರಸ್ತೆಯಲ್ಲಿ ನಾವಿದ್ದ ಬಾಡಿಗೆ ಮನೆಯ ಬಾತ್‌ರೂಮ್ ಹೆಚ್ಚುಕಮ್ಮಿ ಹೀಗೇ ಇತ್ತು. ನೀವು ಕೇಳಿದ್ದು ಪರದೆ ಬಗ್ಗೆ, ನಿಜ. ಆದರೆ ಗೀಸರ್ ಅಂತ ಓದಿದ ಮೇಲೆ ನನಗೆ ಪರದೆ ವಿಷಯ ಮೊದಲು ಬರೆಯೋಕೆ ಆಗ್ತಿಲ್ಲ.

ನಾವು ಆ ಮನೆಗೆ ಹೋದಾಗ ಎದುರಿಗೆ ಖಾಲಿ ಜಾಗ. ಆಮೇಲೆ ಅಲ್ಲಿ ಕಟ್ಟಡ ಎದ್ದಿತು. ದಿನವಿಡೀ ಸಾರುವೆ ಮೇಲೆ ಕೆಲಸದವರು ಓಡಾಡೋರು. ನನ್ನ ಹೆಂಡತಿ ಬೆಳಗಿನ ಜಾವ ಲೈಟ್ ಹಾಕದೆ ಸ್ನಾನ ಮಾಡೋಕೆ ಶುರು ಮಾಡಿದಳು. ಡಿಸೆಂಬರ್ ಬಂತು. ಪುಣೆ ಚಳಿ ನಿಮಗೆ ಗೊತ್ತಲ್ಲ, ಬೆಳಿಗ್ಗೆ 10 ಡಿಗ್ರಿ ಆಸುಪಾಸು, ಕೆಲವು ದಿನ ಅದಕ್ಕೂ ಕೆಳಗೆ. ಮೈ ಒದ್ದೆ ಇರುವಾಗ ಆ ಸಂದಿಯಿಂದ ಬರೋ ಗಾಳಿ ಚುಚ್ಚುತ್ತಿತ್ತು. ಒಂದೇ ಏಟಿಗೆ ಎರಡೂ ಮುಗಿಯಲಿ ಅಂತ ನಾನು ಹಾಲುಬಣ್ಣದ ಅಕ್ರಿಲಿಕ್ ಶೀಟ್ ತಂದೆ. ಕಿಟಕಿ ಅಳತೆಗೆ ಕತ್ತರಿಸಿದೆ. ನಾಲ್ಕೂ ಕಡೆ ಸಿಲಿಕಾನ್ ಹಚ್ಚಿ ಕೂರಿಸಿದೆ. ಬೆಳಕು ಬರ್ತಿತ್ತು, ಯಾರಿಗೂ ಏನೂ ಕಾಣ್ತಿರಲಿಲ್ಲ, ಗಾಳಿ ನಿಂತಿತ್ತು. ಮನೆಗೆ ಬಂದವರೆಲ್ಲ ಚೆನ್ನಾಗಿದೆ ಅಂದರು.

ಆ ಸಿಲಿಕಾನ್ ಗೆರೆಯಿಂದಲೇ ಎಲ್ಲ ಕೆಟ್ಟಿತು. ಸ್ವಲ್ಪ ವಿವರವಾಗಿ ಹೇಳ್ತೀನಿ, ಓದಿ.

ಅದಾದ ಮೇಲೆ ಹೆಂಡತಿಗೆ ಸ್ನಾನ ಮುಗಿಸಿ ಬಂದ ಕೂಡಲೇ ತಲೆನೋವು. ತಲೆಸ್ನಾನದ ದಿನ ಇನ್ನೂ ಜಾಸ್ತಿ, ವಾಕರಿಕೆ ಬೇರೆ. ಪಿತ್ತ ಅಂದುಕೊಂಡೆವು. ಶುಂಠಿ ಕಷಾಯ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಕಮ್ಮಿ ಆಗ್ತಿತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೊಂದು ಗುರುತೂ ಕಣ್ಣೆದುರೇ ಇತ್ತು. ಗೀಸರ್ ಮುಂದೆ ಒಂದು ಪುಟ್ಟ ಕಿಂಡಿ ಇರುತ್ತಲ್ಲ, ಅದರಲ್ಲಿ ಮೊದಲು ನೀಲಿ ಉರಿ ಕಾಣ್ತಿತ್ತು. ಈಗ ತುದಿ ಹಳದಿ, ಮೇಲೆ ತಗಡಿಗೆ ಮಸಿ. ಸಿಲಿಂಡರ್ ಮುಗೀತಾ ಬಂದಿರಬೇಕು ಅಂತ ನಾನು ಸುಮ್ಮನಾದೆ.

ಸಂಕ್ರಾಂತಿಗೆ ಗದಗಿನಿಂದ ನಾದಿನಿ ಬಂದಿದ್ದಳು. ನಮ್ಮ ಕಡೆ ಅವತ್ತು ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಸ್ನಾನ ಮಾಡ್ತಾರೆ. ಅದು ಬೇಗ ಮುಗಿಯೋ ಸ್ನಾನ ಅಲ್ಲ, ಅಷ್ಟು ಹೊತ್ತೂ ಗೀಸರ್ ಉರೀತಾ ಇತ್ತು. ಹೊರಗೆ ನೀರಿನ ಸದ್ದು ಕೇಳ್ತಾನೇ ಇತ್ತು, ಬಕೆಟ್ ತುಂಬಿ ಹರಿಯೋ ಸದ್ದು. ಹೆಂಡತಿ ಬಾಗಿಲು ತಟ್ಟಿ "ಆಯ್ತೇನೇ?" ಅಂದಳು. ಉತ್ತರ ಇಲ್ಲ. ಮತ್ತೆ ಜೋರಾಗಿ ಕೂಗಿದಳು. ಇಲ್ಲ. ನಾನು ಒದ್ದು ಚಿಲಕ ಮುರಿದೆ. ಗೋಡೆಗೆ ಒರಗಿ ಜಾರಿ ಕೂತಿದ್ದಳು, ಕತ್ತು ಒಂದು ಕಡೆ ವಾಲಿತ್ತು. ಗೀಸರ್ ಉರೀತಿತ್ತು. ಟವೆಲ್ ಸುತ್ತಿ ಬಾಲ್ಕನಿಗೆ ಎಳೆದು ತಂದೆವು. ಗಾಳಿಗೆ ಕಣ್ಣು ಬಿಟ್ಟಳು, ಮಾತು ತೊದಲುತ್ತಿತ್ತು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರು. ಡಾಕ್ಟರ್ ಮೊದಲು ಕೇಳಿದ್ದೇ "ಗ್ಯಾಸ್ ಗೀಸರ್ ಇದೆಯಾ? ಕಿಟಕಿ ಮುಚ್ಚಿತ್ತಾ?" ಅಂತ. ಉಳಿದಳು. ಈಗ ಆರಾಮಾಗಿದ್ದಾಳೆ.

ಆಗಿದ್ದು ಇಷ್ಟು. ಗ್ಯಾಸ್ ಪೂರ್ತಿ ಉರಿಯೋಕೆ ಗಾಳಿ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಆಕ್ಸಿಜನ್ ಕಮ್ಮಿ ಆಗ್ತಾ ಹೋದಂತೆ ಉರಿ ಅರೆಬರೆ ಆಗುತ್ತೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತೆ. ಉಸಿರು ಆಡ್ತಾ ಇರುತ್ತೆ, ಮೈಗೆ ಮಾತ್ರ ಆಕ್ಸಿಜನ್ ಸಿಗಲ್ಲ. "ಗ್ಯಾಸ್ ವಾಸನೆ ಬಂದ್ರೆ ಗೊತ್ತಾಗುತ್ತಲ್ಲ" ಅಂತ ತುಂಬಾ ಜನ ಹೇಳ್ತಾರೆ. ಗೊತ್ತಾಗಲ್ಲ. ಸೋರಿದ್ದು ತಿಳಿಯಲಿ ಅಂತ ಎಲ್‌ಪಿಜಿಗೆ ವಾಸನೆ ಬೆರೆಸಿರ್ತಾರೆ. ಉರಿದಾಗ ಆ ವಾಸನೆಯೂ ಸುಟ್ಟು ಹೋಗುತ್ತೆ. ಕೈಕಾಲು ಸೋತು ಹೋಗೋದರಿಂದ ಏನೋ ಸರಿ ಇಲ್ಲ ಅನ್ನಿಸಿದರೂ ಎದ್ದು ಚಿಲಕ ತೆಗೆಯೋಕೆ ಆಗಲ್ಲ.

ಅದಕ್ಕೇ ಕಿಟಕಿಗೆ ಏನು ಹಾಕಿಸಲಿ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮೊದಲು ಗೀಸರ್ ಬಾತ್‌ರೂಮಿನಿಂದ ಹೊರಗೆ ಹೋಗಲಿ. ಪುಣೆಯ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ಅಂಟಿಕೊಂಡು ಡ್ರೈ ಬಾಲ್ಕನಿ, ಅಂದರೆ ಬಟ್ಟೆ ಒಗೆದು ಒಣಗಿಸೋ ಪುಟ್ಟ ಬಾಲ್ಕನಿ, ಇರುತ್ತೆ. ಅದು ತೆರೆದಿದ್ದರೆ ಗೀಸರ್ ಅಲ್ಲಿ ಕೂರಿಸಿ, ಪೈಪ್ ಎಳೆಸಿ. ಗಾಜು ಹಾಕಿ ಮುಚ್ಚಿಸಿದ್ದರೆ ಅಲ್ಲೂ ಬೇಡ. ಜಾಗ ಇಲ್ಲದಿದ್ದರೆ ಕರೆಂಟಿನ ಗೀಸರ್ ತಗೊಳ್ಳಿ. ಬಿಲ್ ಜಾಸ್ತಿ ಬರುತ್ತೆ, ಬರಲಿ. ಬಾಡಿಗೆ ಮನೆ, ಮಾಲೀಕರು ಒಪ್ಪಲ್ಲ ಅಂದರೆ ಎದುರು ಕೂತು ಮಾತಾಡಿ. ನಮ್ಮ ಮನೆ ಮಾಲೀಕರು ವಿಷಯ ಗೊತ್ತಾದ ಮೇಲೆ ಮರುಮಾತಿಲ್ಲದೆ ಖರ್ಚು ಕೊಟ್ಟರು.

ಇನ್ನು ಎದುರಿನವರ ಕಣ್ಣು. ಅದಕ್ಕೆ ಪರದೆ ಬೇಕಾಗಿಲ್ಲ. ಬಟ್ಟೆ ಪರದೆ ಬಾತ್‌ರೂಮಿನಲ್ಲಿ ಒಣಗೋದೇ ಇಲ್ಲ, ಮಳೆಗಾಲ ಮುಗಿಯೋದರೊಳಗೆ ಕೆಳ ಅಂಚಿಗೆ ಕಪ್ಪು ಬೂಷ್ಟು. ರೋಲರ್ ಬ್ಲೈಂಡ್ ಇಳಿಸಿದರೆ ಗಾಳಿಯೂ ಬಂದ್, ನಾನು ಶೀಟ್ ಹಾಕಿದ ಹಾಗೇ. ಕನ್ನಡಿ ಥರ ಹೊಳೆಯೋ ಫಿಲ್ಮ್ ಅಂಗಡಿಯವರು ತೋರಿಸ್ತಾರೆ, ತಗೋಬೇಡಿ. ಅದು ಯಾವ ಕಡೆ ಬೆಳಕು ಜಾಸ್ತಿಯೋ ಆ ಕಡೆಯವರಿಗೆ ಕನ್ನಡಿ. ಹಗಲಲ್ಲಿ ಹೊರಗಿನವರಿಗೆ ಏನೂ ಕಾಣಲ್ಲ. ರಾತ್ರಿ ನೀವು ಲೈಟ್ ಹಾಕಿದ ಕೂಡಲೇ ಲೆಕ್ಕ ತಿರುಗುತ್ತೆ, ಹೊರಗಿನವರಿಗೆ ಎಲ್ಲ ಕಾಣುತ್ತೆ.

ನಿಮ್ಮ ಲೂವರ್ ಪಟ್ಟಿಗಳ ಮೇಲೇ ಒಂದೊಂದಾಗಿ ಫ್ರಾಸ್ಟೆಡ್ ಫಿಲ್ಮ್ (ಗಾಜನ್ನು ಮಂಜುಮಂಜಾಗಿ ಕಾಣಿಸೋ ಹಾಳೆ) ಅಂಟಿಸಿ. ಪಟ್ಟಿಗಳು ಕ್ಲಿಪ್ಪಿನಿಂದ ಜಾರಿಸಿದರೆ ಈಚೆ ಬರ್ತವೆ. ಗಾಜು ಚೆನ್ನಾಗಿ ತೊಳೆದು, ಸೋಪಿನ ನೀರು ಚಿಮುಕಿಸಿ, ಫಿಲ್ಮ್ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ನೀರು ಹೊರಗೆ ತಳ್ಳಿ. ಹೊರಗಿನ ಅಂಚು ಕೆಳಗೆ ಬಾಗಿರೋ ಹಾಗೆ ಪಟ್ಟಿ ಇಟ್ಟರೆ ಮಳೆ ಹೊರಗೇ ಜಾರುತ್ತೆ, ಎದುರಿನವರಿಗೆ ಮಂಜು ಗಾಜು, ಕೆಳಗಿನವರಿಗೆ ಸಂದಿಯಿಂದ ನಿಮ್ಮ ಸೀಲಿಂಗ್ ಕಾಣುತ್ತೆ ಅಷ್ಟೇ. ಗಾಳಿ ಆಡ್ತಾನೇ ಇರುತ್ತೆ. ಫಿಲ್ಮ್ ಬದಲು ಉಜ್ಜಿದ ಗಾಜಿನ ಪಟ್ಟಿ ಮಾಡಿಸ್ತೀರಾದರೆ ಒರಟು ಮೈ ನೀರು ಬೀಳದ ಕಡೆಗಿರಲಿ. ಆ ಮೈ ಒದ್ದೆ ಆದರೆ ಗಾಜು ಪಾರದರ್ಶಕ ಆಗುತ್ತೆ, ಇದನ್ನು ಕೆಲಸದವರೇ ಎಷ್ಟೋ ಸಲ ಮರೀತಾರೆ.

ಬಲ್ಬ್ ಎಲ್ಲಿದೆ ಅನ್ನೋದೂ ಮುಖ್ಯ. ಬಲ್ಬು ನಿಮ್ಮ ಬೆನ್ನ ಹಿಂದೆ, ನೀವು ಕಿಟಕಿ ಹತ್ತಿರ, ಹೀಗಿದ್ದರೆ ಮಂಜು ಗಾಜಿನ ಮೇಲೂ ನೆರಳು ಮೂಡುತ್ತೆ. ಬಲ್ಬನ್ನು ಕಿಟಕಿ ಇರೋ ಗೋಡೆಗೇ ಹಾಕಿಸಿ. ಆಮೇಲೆ ರಾತ್ರಿ ಒಬ್ಬರು ಒಳಗೆ ಬಟ್ಟೆ ಹಾಕಿಕೊಂಡೇ ನಿಂತಿರಲಿ, ಇನ್ನೊಬ್ಬರು ಎದುರಿನ ಬಿಲ್ಡಿಂಗಿನ ಮೆಟ್ಟಿಲಿಂದ ನೋಡಿ. ನನ್ನ ಹೆಂಡತಿ ತಾನೇ ಹೋಗಿ ನೋಡಿ ಬಂದ ಮೇಲೆ ಮತ್ತೆ ಲೈಟ್ ಹಾಕಿ ಸ್ನಾನ ಮಾಡೋಕೆ ಶುರು ಮಾಡಿದಳು.

ಚಳಿಗೆ ನನ್ನ ಹತ್ತಿರ ದೊಡ್ಡ ಉಪಾಯ ಇಲ್ಲ. ಸ್ವಲ್ಪ ಬಿಸಿಲೇರಿದ ಮೇಲೆ ಸ್ನಾನ ಮಾಡಿ. ಉಗಿ ಹೋಗಲಿ ಅಂತ ಎಕ್ಸಾಸ್ಟ್ ಫ್ಯಾನ್ ಬೇಕಾದರೆ ಪುಣೆಯ ಕರೆಂಟ್ ಸಾಮಾನಿನ ಪೇಟೆ ತಪಕೀರ್ ಗಲ್ಲಿಯಲ್ಲಿ ಬೇಕಾದಷ್ಟು ಸಿಗ್ತವೆ. ಆದರೆ ಬಾಗಿಲ ಕೆಳಗೆ ಗಾಳಿ ಬರೋಕೆ ಸಂದಿ ಇಲ್ಲದಿದ್ದರೆ ಅದು ಸುಮ್ನೆ ಸದ್ದು ಮಾಡುತ್ತೆ ಅಷ್ಟೇ. ಫ್ಯಾನ್ ಇದೆ ಅನ್ನೋ ಧೈರ್ಯದ ಮೇಲೆ ಗ್ಯಾಸ್ ಗೀಸರನ್ನು ಒಳಗೇ ಬಿಡಬೇಡಿ.

ಮುಂದಿನ ತಿಂಗಳು ಊರಿಂದ ಅಮ್ಮ ಬರ್ತಾರೆ, ಅಷ್ಟರೊಳಗೆ ಪರದೆ ಹಾಕಿಸಬೇಕು ಅಂದಿದ್ದೀರಿ. ಅಷ್ಟರೊಳಗೆ ಪ್ಲಂಬರನ್ನು ಕರೆಸಿ, ಫಿಲ್ಮ್ ಆಮೇಲೆ ಆದರೂ ನಡೆಯುತ್ತೆ. ಗೀಸರ್ ಹೊರಗೆ ಹೋಗೋವರೆಗೆ ಬಾಗಿಲು, ಕಿಟಕಿ ಎರಡೂ ತೆಗೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಸ್ವಲ್ಪ ಹೊತ್ತು ಗಾಳಿ ಆಡಲಿ. ಆಮೇಲೆ ಅಮ್ಮನನ್ನು ಒಳಗೆ ಕಳಿಸಿ, ಒಳಗಿಂದ ಚಿಲಕ ಹಾಕಬೇಡಿ ಅಂತ ಹೇಳಿ.