ದೀಪಾಲಂಕಾರದ ಫೋಟೋಗಳಲ್ಲಿ ಹಸಿರು ಚುಕ್ಕೆಗಳು ಬರುವುದೇಕೆ? ಫೋನಿನ ಕ್ಯಾಮೆರಾ ಕೆಟ್ಟಿದೆಯೇ?

ಭಾನುವಾರ ಸಂಜೆ ಮೈಸೂರು ಅರಮನೆಯ ದೀಪಾಲಂಕಾರವನ್ನು ಹೊಸ ಫೋನಿನಲ್ಲಿ ತೆಗೆದಾಗ ಮೇಲಿನ ಕಪ್ಪು ಆಕಾಶದಲ್ಲಿ ಹಸಿರು ಚುಕ್ಕೆಗಳ ಸಾಲೊಂದು ಮೂಡಿತೆಂದೂ, ಕೆಲವು ದೀಪಗಳಿಂದ ಉದ್ದನೆಯ ಬೆಳಕಿನ ಗೆರೆಗಳು ಓರೆಯಾಗಿ ಚಾಚಿಕೊಂಡವೆಂದೂ ಬರೆದು, ಫೋನನ್ನು ಸರ್ವಿಸ್ ಸೆಂಟರಿಗೆ ಕೊಡಬೇಕೇ ಎಂದು ಕೇಳಿದ್ದೀರಿ. ಕೊಡಬೇಕಾಗಿಲ್ಲ. ನೀವು ಹೇಳಿರುವ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆ. ಗೆರೆಗಳು ಒರೆಸಿದರೆ ಹೋಗುತ್ತವೆ. ಚುಕ್ಕೆಗಳು ಹೋಗುವುದಿಲ್ಲ, ಆದರೆ ಅವು ಎಲ್ಲಿ ಬೀಳಬೇಕೆಂಬುದನ್ನು ನೀವೇ ನಿರ್ಧರಿಸಬಹುದು.

ಮೊದಲು ಚುಕ್ಕೆಗಳ ವಿಚಾರ. ಆ ಫೋಟೋವನ್ನು ಕ್ರಾಪ್ ಮಾಡದೆ ತೆರೆದು, ಚಿತ್ರದ ನಟ್ಟನಡುವೆ ಒಂದು ಬಿಂದುವನ್ನು ಊಹಿಸಿಕೊಳ್ಳಿ. ಯಾವುದಾದರೂ ಒಂದು ಹಸಿರು ಚುಕ್ಕೆಯಿಂದ ಆ ಬಿಂದುವಿಗೆ ಗೆರೆ ಎಳೆದು ಅಷ್ಟೇ ದೂರ ಮುಂದುವರಿಸಿದರೆ, ಗೆರೆ ನೇರವಾಗಿ ಒಂದು ದೀಪದ ಮೇಲೆ ಹೋಗಿ ನಿಲ್ಲುತ್ತದೆ. ಎಡಗೆಳಗಿನ ದೀಪದ ಚುಕ್ಕೆ ಬಲಮೇಲೆ ಇರುತ್ತದೆ, ಬಲಗೆಳಗಿನದರ ಚುಕ್ಕೆ ಎಡಮೇಲೆ. ಅಂದರೆ ನಿಮ್ಮ ಆಕಾಶದಲ್ಲಿರುವುದು ಬಿಡಿ ಚುಕ್ಕೆಗಳಲ್ಲ, ಅರಮನೆಯ ದೀಪಗಳದೇ ತಲೆಕೆಳಗಾದ, ಮಸುಕಾದ ಪ್ರತಿಬಿಂಬ. ಇದನ್ನೇ ಛಾಯಾಗ್ರಾಹಕರು ಗೋಸ್ಟ್ ಎನ್ನುತ್ತಾರೆ. (ನಮ್ಮ ಮನೆಯ ಹಿರಿಯರೊಬ್ಬರು ಈ ಹೆಸರನ್ನು ಅಕ್ಷರಶಃ ತೆಗೆದುಕೊಂಡು ಒಂದು ದೀಪಾವಳಿಯ ಫೋಟೋವನ್ನು ಅಳಿಸಿಹಾಕಿಸಿದ್ದುಂಟು.)

ಇದು ಹುಟ್ಟುವ ಬಗೆ ಹೀಗಿದೆ. ಲೆನ್ಸಿನ ಮೂಲಕ ಒಳಬಂದ ಬೆಳಕು, ಚಿತ್ರವನ್ನು ಗ್ರಹಿಸುವ ಸೆನ್ಸರಿನ ಮೇಲೆ ಬಿದ್ದಾಗ ಅದೆಲ್ಲವೂ ಅಲ್ಲಿಯೇ ಇಂಗುವುದಿಲ್ಲ. ಸೆನ್ಸರಿನ ಮೇಲ್ಮೈ ತುಸು ಕನ್ನಡಿಯಂತೆ ಹೊಳೆಯುವುದರಿಂದ ಸ್ವಲ್ಪ ಬೆಳಕು ಬಂದ ದಾರಿಯಲ್ಲೇ ಹಿಂದಿರುಗಿ, ಲೆನ್ಸನ್ನು ದಾಟಿ, ಕ್ಯಾಮೆರಾವನ್ನು ಮುಚ್ಚಿರುವ ಚಪ್ಪಟೆ ಗಾಜಿಗೆ ತಾಗಿ, ಅಲ್ಲಿಂದ ಮತ್ತೆ ಒಳಕ್ಕೆ ಪುಟಿಯುತ್ತದೆ. ಚಪ್ಪಟೆ ಗಾಜಿನಿಂದ ಪುಟಿದ ಕಿರಣದ ಓರೆ ಅದಲುಬದಲಾಗುವುದರಿಂದ ಲೆನ್ಸ್ ಅದನ್ನು ಎರಡನೆಯ ಸಲ ಕೇಂದ್ರೀಕರಿಸುವಾಗ ನಡುಬಿಂದುವಿನ ಆಚೆ ಬದಿಯಲ್ಲಿ, ಅಷ್ಟೇ ದೂರದಲ್ಲಿ ಕೂರಿಸುತ್ತದೆ. ಎರಡನೆಯ ಸಲವೂ ಫೋಕಸ್ ಆಗಿಯೇ ಬೀಳುವುದರಿಂದ ಚುಕ್ಕೆ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ಲೆನ್ಸಿನೊಳಗಿನ ಬಾಗಿದ ಮೇಲ್ಮೈಗಳ ನಡುವೆ ಪುಟಿದ ಬೆಳಕಾದರೆ ಹೀಗೆ ಚುಕ್ಕೆಯಾಗದೆ, ದೊಡ್ಡ ಮಬ್ಬು ವೃತ್ತಗಳಾಗಿಯೋ ಇಡೀ ಚಿತ್ರದ ಮೇಲೆ ತೆಳುಪರದೆ ಎಳೆದಂತೆಯೋ ಹರಡಿಕೊಳ್ಳುತ್ತದೆ.

ಪ್ರಮಾಣ ಎಷ್ಟೆಂದು ನೋಡೋಣ. ಲೇಪನವಿಲ್ಲದ ಸಾಮಾನ್ಯ ಗಾಜಿನ ಒಂದು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 4%ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಅಂಥ ಎರಡು ಮೇಲ್ಮೈಗಳಿಂದ ಪುಟಿದರೆ ಮೂಲ ಬೆಳಕಿನ 625ರಲ್ಲಿ ಒಂದು ಪಾಲು ಉಳಿಯುತ್ತದೆ. ಪ್ರತಿಫಲನ ತಡೆಯುವ ಲೇಪನ ಹಚ್ಚಿ ಅದನ್ನು ಅರ್ಧ ಪ್ರತಿಶತಕ್ಕೆ ಇಳಿಸಿದರೆ ಈ ಪಾಲು 40,000ದಲ್ಲಿ ಒಂದಾಗುತ್ತದೆ. ಕೇಳಲು ತೀರ ಅಲ್ಪವೆನಿಸಿದರೂ, ಉರಿಯುವ ಬಲ್ಬಿಗೂ ರಾತ್ರಿಯ ಆಕಾಶಕ್ಕೂ ಇರುವ ಪ್ರಕಾಶದ ಅಂತರ ಇದಕ್ಕಿಂತ ದೊಡ್ಡದಾದ್ದರಿಂದ ಆ ಅಲ್ಪವೂ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಹಗಲಿನ ಫೋಟೋಗಳಲ್ಲಿಯೂ ಈ ಚುಕ್ಕೆಗಳು ಇರುತ್ತವೆ, ಸುತ್ತಲಿನ ಬೆಳಕಿನಲ್ಲಿ ಮುಳುಗಿಹೋಗಿರುತ್ತವೆ ಅಷ್ಟೆ. ಇನ್ನು ಹಸಿರು ಬಣ್ಣ: ಲೇಪನವು ಎಲ್ಲ ಬಣ್ಣಗಳನ್ನೂ ಸಮನಾಗಿ ತಡೆಯುವುದಿಲ್ಲ. ಕೋಟಿಂಗ್ ಇರುವ ಕನ್ನಡಕ ಹಾಕಿದವರ ಎದುರು ಕೂತಾಗ ಅವರ ಗಾಜಿನಲ್ಲಿ ಟ್ಯೂಬ್‌ಲೈಟ್ ಹಸಿರಾಗಿ ಹೊಳೆಯುವುದನ್ನು ನೀವು ನೋಡಿರಬೇಕು, ಇದೂ ಅದೇ.

ಉದ್ದನೆಯ ಗೆರೆಗಳ ಕಥೆ ಇದಕ್ಕಿಂತ ಸರಳ, ಸ್ವಲ್ಪ ನಾಚಿಕೆಯದೂ ಹೌದು. ಅದು ಬೆರಳಿನ ಎಣ್ಣೆ. ನಾವು ಲೆನ್ಸನ್ನು ಅಂಗಿಗೆ ಒಂದೇ ದಿಕ್ಕಿನಲ್ಲಿ ಎಳೆದು ಒರೆಸಿದಾಗ ಜಿಡ್ಡು ಹೋಗುವ ಬದಲು ಸೂಕ್ಷ್ಮವಾದ ಸಾಲುಗಳಾಗಿ ಉಳಿಯುತ್ತದೆ, ಆ ಸಾಲುಗಳಿಗೆ ಅಡ್ಡಲಾಗಿ ಬೆಳಕು ಚದುರುತ್ತದೆ. ಪರೀಕ್ಷಿಸಬೇಕೆಂದಿದ್ದರೆ ಬೀದಿದೀಪದ ಕಡೆಗೆ ಕ್ಯಾಮೆರಾ ಹಿಡಿದು, ಲೆನ್ಸಿನ ಮೇಲೆ ಬೆರಳನ್ನು ಮೇಲಿಂದ ಕೆಳಕ್ಕೆ ಒಮ್ಮೆ ಎಳೆದು ನೋಡಿ: ಪರದೆಯಲ್ಲಿ ದೀಪದಿಂದ ಎಡಕ್ಕೂ ಬಲಕ್ಕೂ ಗೆರೆ ಚಾಚುತ್ತದೆ. ಅಡ್ಡಲಾಗಿ ಎಳೆದರೆ ಗೆರೆ ಲಂಬವಾಗಿ ನಿಲ್ಲುತ್ತದೆ. ನಂತರ ಲೆನ್ಸಿನ ಮೇಲೆ ಬಾಯಿಯ ಹಬೆ ಊದಿ, ಒಗೆದ ಹತ್ತಿಬಟ್ಟೆಯಿಂದ ಸುತ್ತುತ್ತ ಒರೆಸಿ, ಗೆರೆ ಮಾಯವಾಗುತ್ತದೆ.

ಕ್ಯಾಮೆರಾದ ಮೇಲೆ ಲೆನ್ಸ್ ಗಾರ್ಡ್ ಅಂಟಿಸಿದ್ದರೆ ಅದನ್ನು ಕಿತ್ತುಹಾಕಿ. ಹೊಸ ಫೋನ್ ಕೊಂಡಾಗ ಅಂಗಡಿಯವರ ಮಾತಿಗೆ ಒಪ್ಪಿ ನಾನೂ ಒಂದನ್ನು ಹಾಕಿಸಿಕೊಂಡಿದ್ದೆ; ಒಂದು ಚುಕ್ಕೆ ಇದ್ದಲ್ಲಿ ಒತ್ತಿಗೆ ಇನ್ನೊಂದು ಕಾಣಿಸತೊಡಗಿತು. ಸರಿಯಾದ ಲೇಪನವಿಲ್ಲದ ಇನ್ನೊಂದು ಚಪ್ಪಟೆ ಗಾಜನ್ನು ಮುಂದೆ ಅಂಟಿಸಿದರೆ ಬೆಳಕು ಪುಟಿಯಲು ಇನ್ನೆರಡು ಮೇಲ್ಮೈಗಳನ್ನು ನಾವೇ ಒದಗಿಸಿಕೊಟ್ಟಂತಾಗುತ್ತದೆ. ಲೆನ್ಸಿಗೆ ಕೈ ಅಡ್ಡ ಹಿಡಿಯಿರಿ ಎಂಬ ಸಲಹೆಯನ್ನೂ ಅನೇಕರು ಕೊಡುತ್ತಾರೆ. ದೀಪ ಚಿತ್ರದ ಹೊರಗಿದ್ದು ಪಕ್ಕದಿಂದ ಹೊಡೆಯುತ್ತಿದ್ದರೆ ಅದು ಕೆಲಸಕ್ಕೆ ಬರುತ್ತದೆ. ದೀಪವನ್ನೇ ಫೋಟೋ ತೆಗೆಯುವಾಗ ಅದಕ್ಕೆ ಕೈ ಅಡ್ಡ ಹಿಡಿಯುವುದಾದರೂ ಹೇಗೆ?

ಮುಂದಿನ ಸಲ ಅರಮನೆಯ ಎದುರು ನಿಂತಾಗ ಹೀಗೆ ಮಾಡಿ. ಚಿತ್ರದ ನಡುಬಿಂದು ಆಕಾಶದಲ್ಲಾಗಲಿ ಗೋಪುರದ ತುದಿಯಲ್ಲಾಗಲಿ ಇರದೆ, ಕಟ್ಟಡದ ಮುಂಭಾಗದ ಕಮಾನುಗಳ ಎತ್ತರದಲ್ಲಿ, ಎಡಬಲಗಳ ಸರಿಯಾದ ಮಧ್ಯದಲ್ಲಿ ಇರುವಂತೆ ಫೋನ್ ಹಿಡಿಯಿರಿ. ಅರಮನೆಯ ಎಡಬಲಗಳು ಒಂದಕ್ಕೊಂದು ಸರಿಹೊಂದುವಂತಿರುವುದರಿಂದ ಎಡಭಾಗದ ದೀಪಗಳ ಪ್ರತಿಬಿಂಬ ಬಲಭಾಗದ ಬೆಳಗುವ ಗೋಡೆಯ ಮೇಲೆಯೇ ಬಿದ್ದು ಆ ಬೆಳಕಿನಲ್ಲಿ ಕರಗಿಹೋಗುತ್ತದೆ. ನಡುಗೋಪುರದ ಪ್ರತಿಬಿಂಬ ಮಾತ್ರ ಕೆಳಗೆ ಅಂಗಳದ ಮೇಲೆ ಬೀಳುತ್ತದೆ. ಅಷ್ಟು ನೆಲವನ್ನು ಆಮೇಲೆ ಕ್ರಾಪ್ ಮಾಡಿದರಾಯಿತು. ಜೊತೆಗೆ ನೈಟ್ ಮೋಡ್ ಆಫ್ ಮಾಡಿ, ದೀಪಗಳ ಮೇಲೆ ಬೆರಳಿಟ್ಟು ಎಕ್ಸ್‌ಪೋಷರನ್ನು ಕೆಳಕ್ಕೆ ಜಾರಿಸಿ. ಸುಮಾರು ಒಂದು ಲಕ್ಷ ಬಲ್ಬುಗಳು ಉರಿಯುವ ಕಡೆ ನೈಟ್ ಮೋಡ್ ಅಗತ್ಯವೇ ಇಲ್ಲ, ಅದು ಕತ್ತಲನ್ನು ಎತ್ತಿ ತೋರಿಸುವ ಭರದಲ್ಲಿ ಈ ಚುಕ್ಕೆಗಳನ್ನೂ ಎತ್ತಿ ತೋರಿಸುತ್ತದೆ. ಈಗಾಗಲೇ ತೆಗೆದಿರುವ ಫೋಟೋದಲ್ಲಿ ಚುಕ್ಕೆಗಳು ಬರಿಯ ಆಕಾಶದಲ್ಲಿರುವುದರಿಂದ ಗ್ಯಾಲರಿಯ ಇರೇಸರ್ ಅವನ್ನು ಸುಲಭವಾಗಿ ಅಳಿಸುತ್ತದೆ.

ಸರ್ವಿಸ್ ಸೆಂಟರಿಗೆ ಹೋಗಬೇಕಾದ ಸಂದರ್ಭ ಒಂದಿದೆ. ಕತ್ತಲ ಕೋಣೆಯಲ್ಲಿ ಒಂದೇ ಬಲ್ಬ್ ಹಚ್ಚಿ ಫೋನನ್ನು ನಿಧಾನವಾಗಿ ಅತ್ತಿತ್ತ ತಿರುಗಿಸಿ. ಪರದೆಯಲ್ಲಿ ಬಲ್ಬ್ ಎಡಕ್ಕೆ ಸರಿದಾಗ ಚುಕ್ಕೆ ಬಲಕ್ಕೆ ಸರಿದರೆ ಎಲ್ಲವೂ ಸರಿಯಾಗಿದೆ. ಬಲ್ಬ್ ಎಲ್ಲಿದ್ದರೂ, ಹಗಲಿನ ಫೋಟೋದಲ್ಲಿಯೂ, ಕಲೆ ಒಂದೇ ಜಾಗದಲ್ಲಿ ಅಲುಗಾಡದೆ ನಿಂತಿದ್ದರೆ ಒಳಗೆ ಧೂಳು ಸೇರಿದೆ ಅಥವಾ ಸೆನ್ಸರಿಗೆ ಏಟು ಬಿದ್ದಿದೆ ಎಂದು ತಿಳಿದು, ವಾರಂಟಿ ಮುಗಿಯುವ ಮೊದಲೇ ತೋರಿಸಿ.